ಹೋಬಳಿ ಮೇಷ್ಟರಿಂದ ಮುಖ್ಯ ಶಿಕ್ಷಕರವರೆಗೆ: ಅರಸೀಕೆರೆ, ಬೇಲೂರು, ಹಳೇಬೀಡು ಪರಿಸರದಲ್ಲಿ ಪ್ರಾಥಮಿಕ ಶಾಲೆಯ ನೇತೃತ್ವ

ಕರ್ನಾಟಕದ ಶಿಕ್ಷಣ ಚರಿತ್ರೆಯನ್ನು ಕುರಿತ ಬರಹಗಳಲ್ಲಿ ಅಗ್ರಹಾರ, ಘಟಿಕಾಸ್ಥಾನ, ಮಠ, ಮಿಷನ್ ಶಾಲೆ ಹಾಗೂ ವಿಶ್ವವಿದ್ಯಾನಿಲಯಗಳಿಗೆ ದೊರೆತಿರುವ ಗಮನ ಹಳ್ಳಿಯ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರಿಗೆ ದೊರೆತಿಲ್ಲ. ಆಡಳಿತ ವರದಿಗಳು ಶಾಲೆಗಳನ್ನು ಎಣಿಸುತ್ತವೆ, ಮಕ್ಕಳನ್ನು ಎಣಿಸುತ್ತವೆ, ಖರ್ಚನ್ನು ರೂಪಾಯಿ ಆಣೆಗಳಲ್ಲಿ ಬರೆದಿಡುತ್ತವೆ. ಆದರೆ ಶಾಲೆಯ ಬಾಗಿಲನ್ನು ಬೆಳಿಗ್ಗೆ ತೆರೆದು ಸಂಜೆ ಮುಚ್ಚುವ, ಊರಿಗೂ ಇಲಾಖೆಗೂ ನಡುವೆ ನಿಂತಿರುವ ವ್ಯಕ್ತಿ ತನ್ನ ಕೆಲಸವನ್ನು ಯಾರಿಂದ ಕಲಿತ, ಕಷ್ಟ ಬಂದಾಗ ಯಾರನ್ನು ಕೇಳಿದ ಎಂಬ ಪ್ರಶ್ನೆಯನ್ನು ಅವು ಕೇಳುವುದಿಲ್ಲ. ಹಾಸನ ಜಿಲ್ಲೆಯ ಅರಸೀಕೆರೆ ಮತ್ತು ಬೇಲೂರು ತಾಲ್ಲೂಕುಗಳನ್ನು, ಅದರಲ್ಲಿಯೂ ಬೇಲೂರು ತಾಲ್ಲೂಕಿನ ಹಳೇಬೀಡು ಹೋಬಳಿಯನ್ನು ಗಮನದಲ್ಲಿರಿಸಿಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಹೋಬಳಿ ಎಂಬ ಹಳೆಯ ಆಡಳಿತ ಘಟಕವೇ ಇಲ್ಲಿ ಮುಖ್ಯ ಎಂಬುದು ಮುಂದಿನ ವಿವರಗಳಿಂದ ಸ್ಪಷ್ಟವಾಗುತ್ತದೆ.

ಈ ಪ್ರದೇಶದ ನೆಲ ಏಕರೂಪದ್ದಲ್ಲ. ಅರಸೀಕೆರೆ ತಾಲ್ಲೂಕು ಬಯಲುಸೀಮೆಯ ಸ್ವಭಾವದ್ದು. ರಾಗಿ, ತೆಂಗು, ಮಳೆಯನ್ನು ನಂಬಿದ ಕೆರೆಗಳು ಇಲ್ಲಿಯ ಜೀವನಾಧಾರ. ಬೇಲೂರು ತಾಲ್ಲೂಕಿನ ಪಶ್ಚಿಮಕ್ಕಿರುವ ಅರೇಹಳ್ಳಿ, ಬಿಕ್ಕೋಡು ಹೋಬಳಿಗಳು ಮಲೆನಾಡಿಗೆ ಸೇರಿದವು. ಅಲ್ಲಿ ಕಾಫಿ ತೋಟಗಳೂ ಚದುರಿದ ಮನೆಗಳೂ ಇವೆ. ಹಳೇಬೀಡು ಈ ಎರಡರ ನಡುವಿನ ಸೀಮೆ. ಬೇಲೂರಿಗೂ ಹಳೇಬೀಡಿಗೂ ಇರುವ ಅಂತರ ಸುಮಾರು 16 ಕಿಲೋಮೀಟರು ಮಾತ್ರವಾದರೂ ಮಳೆಯ ಪ್ರಮಾಣದಲ್ಲಿ, ಬೆಳೆಯಲ್ಲಿ, ಊರುಗಳ ಗಾತ್ರದಲ್ಲಿ ವ್ಯತ್ಯಾಸ ಕಾಣುತ್ತದೆ. ಬಯಲುಸೀಮೆಯ ಊರಿನಲ್ಲಿ ಮಕ್ಕಳು ಒಂದೆಡೆ ಸೇರಿದ್ದರೆ ಶಾಲೆ ದೊಡ್ಡದಾಗಿರುತ್ತದೆ. ಮಲೆನಾಡಿನಲ್ಲಿ ಶಾಲೆ ಚಿಕ್ಕದು, ಶಿಕ್ಷಕ ಒಬ್ಬ ಅಥವಾ ಇಬ್ಬರು. ಒಂದೇ ಸರ್ಕಾರಿ ಆಜ್ಞೆ ಈ ಎರಡು ಬಗೆಯ ಶಾಲೆಗಳಲ್ಲಿ ಬೇರೆ ಬೇರೆ ಪರಿಣಾಮ ಬೀರುವುದು ಇದರಿಂದಲೇ.

ಹೊಯ್ಸಳರ ಕಾಲದಲ್ಲಿ ಈ ಮೂರೂ ಸ್ಥಳಗಳು ವಿದ್ಯೆಯ ನೆಲೆಗಳಾಗಿದ್ದವು. ವಿಷ್ಣುವರ್ಧನನು ಬೇಲೂರಿನಲ್ಲಿ 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿದನು. ದೋರಸಮುದ್ರದ ಬಸ್ತಿಹಳ್ಳಿಯಲ್ಲಿ ಗಂಗರಾಜನ ಮಗ ಬೊಪ್ಪನು 1133ರಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಅರಸೀಕೆರೆಯಲ್ಲಿ 1220ರ ಸುಮಾರಿಗೆ ಈಶ್ವರ ದೇವಾಲಯವೂ ರೇಚರಸನು ಕಟ್ಟಿಸಿದ ಸಹಸ್ರಕೂಟ ಜಿನಾಲಯವೂ ಅಕ್ಕಪಕ್ಕದ ಕಾಲದಲ್ಲಿ ಎದ್ದವು. ದೇವಾಲಯ, ಬಸದಿ ಹಾಗೂ ಅಗ್ರಹಾರಗಳಿಗೆ ಬಿಟ್ಟ ದತ್ತಿಗಳಲ್ಲಿ ಪಾಠ ಹೇಳುವವರಿಗೂ ಪಾಲಿರುತ್ತಿದ್ದುದು ಆ ಕಾಲದ ಶಾಸನಗಳಿಂದ ತಿಳಿದುಬರುತ್ತದೆ. ಮೂರನೆಯ ನರಸಿಂಹನ ಮಂತ್ರಿಯಾಗಿದ್ದ ಪೆರುಮಾಳೆ ದಣ್ಣಾಯಕನು 13ನೆಯ ಶತಮಾನದ ಕೊನೆಯಲ್ಲಿ ತಿರುಮಕೂಡಲು ನರಸೀಪುರ ಸೀಮೆಯಲ್ಲಿ ಮಾಡಿದ ಏರ್ಪಾಟಿನಲ್ಲಿ ವೇದಾಧ್ಯಾಪಕರಷ್ಟೇ ಅಲ್ಲದೆ ನಾಗರ, ಕನ್ನಡ, ತಿಗುಳ, ಆರ್ಯ ಅಕ್ಷರಗಳನ್ನು ಕಲಿಸುವವರೂ ಸೇರಿದ್ದರು. ಅಕ್ಷರ ಕಲಿಸುವವನ ಹೆಸರು ಶಾಸನದಲ್ಲಿ ಬರುವುದು ಅಪರೂಪ; ಅವನ ವೃತ್ತಿ ಮಾತ್ರ ಬರುತ್ತದೆ. ಆ ವೃತ್ತಿಯನ್ನು ಕಾಪಾಡುವ ಹೊಣೆ ಮಹಾಜನರದು. ಶಾಲೆಯ ನೇತೃತ್ವ ಒಬ್ಬನ ಮೇಲೆ ಬೀಳದೆ ಒಂದು ಸಮುದಾಯದ ಕೈಯಲ್ಲಿತ್ತು ಎಂದು ಇದನ್ನು ಅರ್ಥೈಸಬಹುದು. ಆದರೆ ಆ ಸಮುದಾಯದ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲವೆಂಬುದನ್ನು ಮರೆತು ಅಗ್ರಹಾರವನ್ನು ಇಂದಿನ ಸಾರ್ವತ್ರಿಕ ಶಾಲೆಗೆ ಮಾದರಿಯೆಂದು ಕೊಂಡಾಡುವುದು ಸರಿಯಲ್ಲ.

ಇದೇ ಸಂದರ್ಭದಲ್ಲಿ ಹಳೇಬೀಡಿನ ಬಸ್ತಿಹಳ್ಳಿಯ ಜೈನ ಶಾಸನಗಳ ಒಂದು ವಿವರ ಉಲ್ಲೇಖನೀಯ. 13ನೆಯ ಶತಮಾನದ ಉತ್ತರಾರ್ಧದಲ್ಲಿ ಸಮಾಧಿ ಹೊಂದಿದ ಬಾಲಚಂದ್ರ ಪಂಡಿತದೇವರ ಶಾಸನವು ಅವರ ದೀಕ್ಷಾಗುರುವನ್ನೂ ಶ್ರುತಗುರುವನ್ನೂ ಬೇರೆಬೇರೆಯಾಗಿ ಹೆಸರಿಸುತ್ತದೆ. ದೀಕ್ಷೆ ಕೊಟ್ಟವರು ನೇಮಿಚಂದ್ರ ಭಟ್ಟಾರಕರು, ಶ್ರುತವನ್ನು ಕಲಿಸಿದವರು ಅಭಯಚಂದ್ರ ಸಿದ್ಧಾಂತದೇವರು. ಅಧಿಕಾರವನ್ನು ಕೊಡುವವನು ಒಬ್ಬ, ವಿದ್ಯೆಯಲ್ಲಿ ಬೆಳೆಸುವವನು ಇನ್ನೊಬ್ಬ ಎಂಬ ಈ ವಿವೇಚನೆ ಧಾರ್ಮಿಕ ಪರಂಪರೆಯದು, ಪ್ರಾಥಮಿಕ ಶಾಲೆಯದಲ್ಲ. ಆದರೂ ಆರು ಶತಮಾನಗಳ ಅನಂತರ ಇದೇ ನೆಲದಲ್ಲಿ ಸ್ಥಾಪಿತವಾದ ಸರ್ಕಾರಿ ಶಾಲಾ ವ್ಯವಸ್ಥೆಯಲ್ಲಿ ಮೇಷ್ಟರಿಗೆ ಹುದ್ದೆ ಕೊಡುವವರೂ ತಪ್ಪು ಹುಡುಕುವವರೂ ಕಲಿಸಬೇಕಾದವರೂ ಒಬ್ಬರೇ ಆಗಿಬಿಟ್ಟುದನ್ನು ನೋಡುವಾಗ ಆ ಹಳೆಯ ವಿಭಜನೆ ನೆನಪಾಗದಿರದು.

ದೋರಸಮುದ್ರವು 1311ರಲ್ಲಿ ಮಲಿಕ್ ಕಾಫರನ ದಾಳಿಗೆ ತುತ್ತಾದ ಮೇಲೆ ಈ ಸೀಮೆ ರಾಜಧಾನಿಯ ಪಟ್ಟವನ್ನು ಕಳೆದುಕೊಂಡಿತು. ವಿಜಯನಗರ, ಬೇಲೂರಿನ ಪಾಳೆಯಗಾರರು ಹಾಗೂ ಮೈಸೂರಿನ ಒಡೆಯರ ಕಾಲಗಳಲ್ಲಿ ಸಾಮಾನ್ಯರ ಮಕ್ಕಳಿಗೆ ಅಕ್ಷರ ಹೇಳಿಕೊಟ್ಟದ್ದು ಕೂಲಿಮಠಗಳು. ಮರಳಿನ ಮೇಲೆ ಬೆರಳಿನಿಂದ ತಿದ್ದುವುದು, ಮಗ್ಗಿ, ಲೆಕ್ಕ, ಕಡತ ಓದುವುದು ಅಲ್ಲಿಯ ಪಠ್ಯ. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುತ್ತಿದ್ದರು. ಅಯ್ಯನವರ ಜೀವನ ಊರವರು ಕೊಡುವ ಧಾನ್ಯ, ಕಾಣಿಕೆ ಹಾಗೂ ಮಹಾನವಮಿಯಲ್ಲಿ ಮಕ್ಕಳು ಮನೆಮನೆಗೆ ಹೋಗಿ ಚೌಪದ ಹೇಳಿ ತಂದ ದಕ್ಷಿಣೆಯಿಂದ ಸಾಗುತ್ತಿತ್ತು. ಕೂಲಿಮಠದ ಅಯ್ಯನಿಗೆ ಮೇಲಧಿಕಾರಿ ಇರಲಿಲ್ಲ, ಸಹೋದ್ಯೋಗಿಯೂ ಇರಲಿಲ್ಲ. ಊರು ಮೆಚ್ಚಿದರೆ ಉಳಿಯುತ್ತಿದ್ದ, ಇಲ್ಲವಾದರೆ ಬೇರೆ ಊರಿಗೆ ಹೋಗುತ್ತಿದ್ದ.

1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರರ ಕೈಗೆ ಬಂತು. 1854ರ ವುಡ್ ಶಿಕ್ಷಣ ನಿರೂಪದ ತರುವಾಯ 1857ರಲ್ಲಿ ಸಂಸ್ಥಾನದಲ್ಲಿ ಶಿಕ್ಷಣ ಇಲಾಖೆ ರೂಪುಗೊಂಡಿತು. ಆಗ ಹಾಸನ ಜಿಲ್ಲೆ ಅಷ್ಟಗ್ರಾಮ ವಿಭಾಗಕ್ಕೆ ಸೇರಿತ್ತು. ಆರಂಭದ ವರ್ಷಗಳಲ್ಲಿ ಇಲಾಖೆಯ ದೃಷ್ಟಿ ಪಟ್ಟಣಗಳ ಇಂಗ್ಲಿಷ್ ಶಾಲೆಗಳ ಮೇಲಿತ್ತು. ಹಳ್ಳಿಗಳ ಕಡೆಗೆ ಅದನ್ನು ತಿರುಗಿಸಿದ್ದು ಬೌರಿಂಗ್ ಕಮಿಷನರಾಗಿದ್ದಾಗ 1868ರಲ್ಲಿ ಬಿ. ಎಲ್. ರೈಸ್ ಅವರು ಮುಂದಿಟ್ಟ ಹೋಬಳಿ ಶಾಲೆಗಳ ಯೋಜನೆ. ಪ್ರತಿ ಹೋಬಳಿಗೆ ಒಂದು ಶಾಲೆ, ಶಾಲೆಯ ಕಟ್ಟಡ ಊರವರದು, ಮೇಷ್ಟರ ಸಂಬಳ ಸರ್ಕಾರದ್ದು ಎಂಬುದು ಅದರ ಹಂದರ. ಈ ಯೋಜನೆಯ ಗುಣ ಇನ್ನೊಂದು ಅಂಶದಲ್ಲಿದೆ. ಹೊಸ ಶಾಲೆಗೆ ಹೊರಗಿನಿಂದ ಅಪರಿಚಿತರನ್ನು ತರುವ ಬದಲು ಅದೇ ಸೀಮೆಯ ಕೂಲಿಮಠಗಳಲ್ಲಿ ಕಲಿಸುತ್ತಿದ್ದವರಿಂದ ತಕ್ಕವರನ್ನು ಆಯ್ದು ನಾರ್ಮಲ್ ಶಾಲೆಯಲ್ಲಿ ತರಬೇತಿ ಕೊಟ್ಟು ಹಿಂದಕ್ಕೆ ಕಳುಹಿಸುವುದು ಅದರ ಆಶಯವಾಗಿತ್ತು. ಊರಿನ ನಂಬಿಕೆಯನ್ನು ಆಗಲೇ ಗಳಿಸಿದವನಿಗೆ ಹೊಸ ವಿದ್ಯೆಯನ್ನು ಸೇರಿಸುವ ಈ ಕ್ರಮ, ಶಾಲಾ ನೇತೃತ್ವದ ಸಿದ್ಧತೆಯನ್ನು ಕುರಿತು ಈ ರಾಜ್ಯದಲ್ಲಿ ನಡೆದ ಮೊದಲ ವ್ಯವಸ್ಥಿತ ಚಿಂತನೆ ಎನ್ನಬಹುದು. ನಂತರದ ಅನೇಕ ಯೋಜನೆಗಳಿಗಿಂತ ಇದು ವಿವೇಕದಿಂದ ಕೂಡಿತ್ತು.

ರೈಸ್ ಅವರ ಹೆಸರು ಇಂದು ಉಳಿದಿರುವುದು ಶಾಲೆಗಳಿಂದಲ್ಲ, ಶಾಸನಗಳಿಂದ. ಶಾಲೆಗಳ ತನಿಖೆಗಾಗಿ ಸಂಸ್ಥಾನದ ಹಳ್ಳಿಗಳನ್ನು ಸುತ್ತುವಾಗಲೇ ಅವರು ಊರೂರಿನ ಕಲ್ಬರಹಗಳನ್ನು ಕಂಡು ಪಂಡಿತರ ನೆರವಿನಿಂದ ಓದಿಸಿದರು. 1879ರ ಮೈಸೂರು ಶಾಸನಗಳ ಸಂಪುಟ, ಆಮೇಲಿನ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು ಹೀಗೆ ಹುಟ್ಟಿದವು. ಹಾಸನ ಜಿಲ್ಲೆಯ ಶಾಸನಗಳಿರುವ 5ನೆಯ ಸಂಪುಟ 1902ರಲ್ಲಿ ಹೊರಬಂದಿತು. ಅರಸೀಕೆರೆ, ಬೇಲೂರು ತಾಲ್ಲೂಕುಗಳ ನೂರಾರು ಶಾಸನಗಳು ಅದರಲ್ಲಿವೆ, ಹಳೇಬೀಡಿನವು ಬೇಲೂರಿನ ಕ್ರಮಸಂಖ್ಯೆಗಳಲ್ಲಿ ಸೇರಿವೆ. ಶಾಲಾ ತನಿಖೆಯ ಪ್ರವಾಸವು ಹೊಯ್ಸಳ ಚರಿತ್ರೆಗೆ ಇಷ್ಟು ದೊಡ್ಡ ಲಾಭ ತಂದಿತು. ಆ ಪ್ರವಾಸ ಹೋಬಳಿ ಮೇಷ್ಟರಿಗೆ ಏನನ್ನು ತಂದಿತು ಎಂಬುದನ್ನು ಅಳೆಯಲು ಅಂಥ ಸಂಪುಟ ಯಾವುದೂ ಇಲ್ಲ. ಯೋಜನೆಯ ಒಳಗೇ ಒಂದು ಕೊರತೆ ಇದ್ದುದನ್ನು ಮಾತ್ರ ಗುರುತಿಸಬಹುದು. ನಾರ್ಮಲ್ ಶಾಲೆಯ ತರಬೇತಿ ಒಮ್ಮೆ ದೊರೆಯುವಂಥದು. ಅದು ಮುಗಿದು ಹೋಬಳಿಗೆ ಮರಳಿದ ಮೇಲೆ ಮೇಷ್ಟರು ತನ್ನ ವೃತ್ತಿಯವನೊಬ್ಬನನ್ನು ಕಾಣುತ್ತಿದ್ದುದು ಇನ್‌ಸ್ಪೆಕ್ಟರರು ಬಂದ ದಿನ ಮಾತ್ರ. ಆ ದಿನ ಮಕ್ಕಳ ಪರೀಕ್ಷೆಯ ದಿನವೂ ಆಗಿದ್ದುದರಿಂದ ತನ್ನ ಕಷ್ಟವನ್ನು ಹೇಳಿಕೊಳ್ಳುವ ದಿನವಾಗಿರಲಿಲ್ಲ.

1876ರಿಂದ 1878ರವರೆಗಿನ ಮಹಾಕ್ಷಾಮ ಈ ಎಳೆಯ ವ್ಯವಸ್ಥೆಗೆ ಬಿದ್ದ ಪೆಟ್ಟು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆ 1881ರ ಗಣತಿಯ ಮೇಲ್ವಿಚಾರಣೆಯೂ ರೈಸ್ ಅವರ ಪಾಲಿಗೇ ಬಂದದ್ದು. ಅರಸೀಕೆರೆಯಂಥ ಮಳೆಯಾಶ್ರಿತ ಸೀಮೆಯ ಹೋಬಳಿ ಶಾಲೆಯಲ್ಲಿ ಕ್ಷಾಮದ ವರ್ಷಗಳಲ್ಲಿ ಮಕ್ಕಳನ್ನು ಉಳಿಸಿಕೊಳ್ಳುವುದು ಎಂದರೆ ಏನಾಗಿದ್ದಿರಬೇಕು ಎಂಬುದನ್ನು ಊಹಿಸಲು ಹೆಚ್ಚಿನ ವಿವರ ಬೇಕಿಲ್ಲ. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿತು. ಬೆಂಗಳೂರಿನಿಂದ ಹರಿಹರದ ಕಡೆಗೆ ಸಾಗಿದ ರೈಲು ಮಾರ್ಗ 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಅರಸೀಕೆರೆಯನ್ನು ಮುಟ್ಟಿತು. ಹಾರನಹಳ್ಳಿಯಲ್ಲಿದ್ದ ತಾಲ್ಲೂಕು ಕೇಂದ್ರದ ಸ್ಥಾನ ಅರಸೀಕೆರೆಗೆ ಬಂತು. ರೈಲು ಬಂದ ಊರಿನ ಶಾಲೆಗೆ ಇನ್‌ಸ್ಪೆಕ್ಟರರು ಬರುವುದು ಸುಲಭವಾಯಿತು. ಬೇಲೂರಿಗೂ ಹಳೇಬೀಡಿಗೂ ರೈಲು ಬರಲಿಲ್ಲ.

ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರವರೆಗಿನ ಅವಧಿ ಪ್ರಾಥಮಿಕ ಶಿಕ್ಷಣದ ವಿಸ್ತರಣೆಯ ಕಾಲ. 1913ರಲ್ಲಿ ಎಲಿಮೆಂಟರಿ ಶಿಕ್ಷಣದ ಶಾಸನ ಹೊರಟು ಆಯ್ದ ಕೇಂದ್ರಗಳಲ್ಲಿ ಕಡ್ಡಾಯ ಹಾಜರಿ ಜಾರಿಗೆ ಬಂತು. ಈ ಅವಧಿಯಲ್ಲಿ ಸಂಸ್ಥಾನದ ಶಾಲೆಗಳ ಸಂಖ್ಯೆ ಸುಮಾರು 4,500ರಿಂದ 10,500ಕ್ಕೆ, ವಿದ್ಯಾರ್ಥಿಗಳ ಸಂಖ್ಯೆ 1,40,000ದಿಂದ 3,66,000ಕ್ಕೆ ಏರಿತೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಚರಿತ್ರಕಾರರು ಈ ಅಂಕಿಗಳನ್ನು ಮೆಚ್ಚುಗೆಯಿಂದ ಉಲ್ಲೇಖಿಸುತ್ತಾರೆ, ಅದು ಸಹಜ. ಇದೇ ಅಂಕಿಗಳನ್ನು ಇನ್ನೊಂದು ಬದಿಯಿಂದಲೂ ಓದಬೇಕಾಗುತ್ತದೆ. ಆರು ವರ್ಷಗಳಲ್ಲಿ ಆರು ಸಾವಿರ ಹೊಸ ಶಾಲೆಗಳು ಎಂದರೆ ಆರು ಸಾವಿರ ಹೊಸ ಮುಖ್ಯಸ್ಥರು. ಬಹುಪಾಲು ಏಕೋಪಾಧ್ಯಾಯ ಶಾಲೆಗಳಲ್ಲಿ ಕೆಳದರ್ಜೆಯ ಪರೀಕ್ಷೆಯಷ್ಟನ್ನು ಮುಗಿಸಿದ ಯುವಕನೊಬ್ಬ ಮೊದಲ ದಿನದಿಂದಲೇ ಹೆಡ್ ಮೇಷ್ಟರಾಗಿ, ಹಾಜರಿ, ದಾಖಲಾತಿ, ಕಟ್ಟಡ, ಊರಿನ ಪಟೇಲ ಶ್ಯಾನುಭೋಗರೊಡನೆ ವ್ಯವಹಾರ ಇವೆಲ್ಲವನ್ನೂ ನಿರ್ವಹಿಸಬೇಕಾಯಿತು. ಅವನಿಗೆ ‘ಚಾರ್ಜು’ ಕೊಡಲಾಗುತ್ತಿತ್ತು. ಚಾರ್ಜಿನ ಪಟ್ಟಿಯಲ್ಲಿ ಮೇಜು, ಕುರ್ಚಿ, ನಕ್ಷೆ, ಗಂಟೆ, ರಿಜಿಸ್ಟರುಗಳ ಎಣಿಕೆ ಇರುತ್ತಿತ್ತು. ಹಿಂದಿನವನು ಆ ಊರಿನಲ್ಲಿ ಏನನ್ನು ಕಲಿತಿದ್ದ ಎಂಬುದಕ್ಕೆ ಅದರಲ್ಲಿ ಕಲಮು ಇರಲಿಲ್ಲ. ಈಗಲೂ ಇಲ್ಲ.

ಆ ಯುವಕನ ನೇತೃತ್ವಕ್ಕೆ ನಿಜವಾದ ಪರೀಕ್ಷೆ ಎದುರಾದದ್ದು ಬೋಧನೆಯಲ್ಲಿ ಅಲ್ಲ, ಪ್ರವೇಶದಲ್ಲಿ. ಅಸ್ಪೃಶ್ಯರೆಂದು ಹೊರಗಿಡಲಾಗಿದ್ದ ಸಮುದಾಯಗಳ ಮಕ್ಕಳಿಗೆ ಸರ್ಕಾರಿ ಶಾಲೆಗಳನ್ನು ತೆರೆಯುವ ನಿಲುವನ್ನು ಮೈಸೂರು ಸರ್ಕಾರ 1910ರ ದಶಕದಲ್ಲಿ ತಳೆಯಿತು. ಆ ದಶಕದ ಕೊನೆಗೆ ಶಿಕ್ಷಣ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದ ಸಿ. ಆರ್. ರೆಡ್ಡಿಯವರು ಅದನ್ನು ದೃಢವಾಗಿ ಎತ್ತಿಹಿಡಿದರು. ಸಂಸ್ಥಾನದ ಹಲವೆಡೆ ಮೇಲುಜಾತಿಗಳವರಿಂದ ಪ್ರತಿರೋಧ ಬಂತು, ಮಕ್ಕಳನ್ನು ಶಾಲೆಯಿಂದ ಬಿಡಿಸಿದವರೂ ಉಂಟು. ಆಜ್ಞೆ ಬೆಂಗಳೂರಿನಲ್ಲಿ ಹೊರಟಿತು, ಅದನ್ನು ಜಗುಲಿಯ ಮೇಲೆ ನಿಂತು ನಡೆಸಬೇಕಾದವನು ಹಳ್ಳಿಯ ಮೇಷ್ಟರು. ಅವನು ಊರವರು ಕೊಟ್ಟ ಕಟ್ಟಡದಲ್ಲಿ ಪಾಠ ಮಾಡುತ್ತಿದ್ದ, ಊರವರದೇ ಮನೆಯಲ್ಲಿ ಬಾಡಿಗೆಗೆ ಇರುತ್ತಿದ್ದ. ಮಗುವನ್ನು ಒಳಗೆ ಕೂರಿಸಿದರೆ ಊರಿನ ಸಿಟ್ಟು, ಹೊರಗೆ ಕೂರಿಸಿದರೆ ಇಲಾಖೆಯ ಸಿಟ್ಟು. ಶಾಲಾ ನಾಯಕತ್ವವೆಂದು ಇಂದಿನ ತರಬೇತಿ ಕೈಪಿಡಿಗಳು ಕರೆಯುವ ಗುಣ ಆಗ ಎಷ್ಟೋ ಜನರಲ್ಲಿ ಇದ್ದಿರಲೇಬೇಕು, ಇಲ್ಲದಿದ್ದರೆ ಆ ಮಕ್ಕಳ ಸಂಖ್ಯೆ ದಶಕದಿಂದ ದಶಕಕ್ಕೆ ಬೆಳೆಯುತ್ತಿರಲಿಲ್ಲ. ಎಷ್ಟೋ ಜನ ಹೆದರಿ ಆಜ್ಞೆಯನ್ನು ಕಾಗದದಲ್ಲೇ ಉಳಿಸಿದ್ದೂ ಅಷ್ಟೇ ನಿಜ. ಮೊದಲಿನವರಿಗೆ ಬೆಂಬಲವನ್ನೂ ಎರಡನೆಯವರಿಗೆ ಧೈರ್ಯವನ್ನೂ ಕೊಡಬಲ್ಲ ಹತ್ತಿರದ ವ್ಯವಸ್ಥೆಯೊಂದು ಹೋಬಳಿಯ ಮಟ್ಟದಲ್ಲಿ ಇರಲಿಲ್ಲ.

1930ರ ಶಾಸನದ ಪ್ರಕಾರ ಪ್ರಾಥಮಿಕ ಶಾಲೆಗಳ ಆಡಳಿತ ಜಿಲ್ಲಾ ಮಟ್ಟದ ಸ್ಥಳೀಯ ಶಿಕ್ಷಣ ಪ್ರಾಧಿಕಾರಗಳಿಗೆ ಹೋಯಿತು. ಹತ್ತು ವರ್ಷಗಳ ಪ್ರಯೋಗದ ಅನಂತರ 1941ರ ಕಾಯಿದೆಯ ಮೂಲಕ ಸರ್ಕಾರವೇ ಶಾಲೆಗಳನ್ನು ಮರಳಿ ವಹಿಸಿಕೊಂಡಿತು. ಸ್ಥಳೀಯ ರಾಜಕೀಯದ ಹಸ್ತಕ್ಷೇಪದಿಂದ ಶಿಕ್ಷಕರಿಗೆ ಇದರಿಂದ ಬಿಡುಗಡೆ ದೊರೆಯಿತೆಂಬ ಅಭಿಪ್ರಾಯವಿದೆ. ವರ್ಗಾವಣೆ, ಸಂಬಳಗಳ ದೃಷ್ಟಿಯಿಂದ ಅದು ಒಪ್ಪತಕ್ಕದ್ದು. ವೃತ್ತಿಯ ಬೆಂಬಲದ ದೃಷ್ಟಿಯಿಂದ ನೋಡಿದರೆ ವ್ಯತ್ಯಾಸ ಅಷ್ಟಾಗಿ ಕಾಣದು. ಬೋರ್ಡಿನ ಕಾಲದಲ್ಲೂ ಇಲಾಖೆಯ ಕಾಲದಲ್ಲೂ ಹೆಡ್ ಮೇಷ್ಟರನ್ನು ತಲುಪುತ್ತಿದ್ದುದು ತಪಾಸಣೆಯ ಷರಾ.

ಇಲ್ಲಿ ಮುಂಬಯಿ ಕರ್ನಾಟಕದ ಉದಾಹರಣೆಯೊಂದನ್ನು ಹೋಲಿಕೆಗಾಗಿ ನೋಡಬಹುದು. ಅಲ್ಲಿಯೂ ತಪಾಸಣಾಧಿಕಾರಿಯ ಹುದ್ದೆ ಪ್ರಬಲವಾಗಿತ್ತು, ಚನ್ನಬಸಪ್ಪನವರ ಹೆಸರಿಗೆ ‘ಡೆಪ್ಯುಟಿ’ ಎಂಬ ಹುದ್ದೆಯೇ ಶಾಶ್ವತವಾಗಿ ಅಂಟಿಕೊಂಡಿತು. ಆದರೆ ಅಲ್ಲಿಯ ಕನ್ನಡ ಶಾಲೆಗಳ ಶಿಕ್ಷಕರಿಗಾಗಿ 1860ರ ದಶಕದಲ್ಲಿ ಆರಂಭವಾದ ಮಠಪತ್ರಿಕೆ, ಮುಂದೆ ಅದರ ಸ್ಥಾನದಲ್ಲಿ ಬಂದ ಶಾಲಾಪತ್ರಿಕೆ, ಇವುಗಳ ಪರಂಪರೆಯಲ್ಲಿ ಧಾರವಾಡದಿಂದ ಹೊರಟ ಜೀವನ ಶಿಕ್ಷಣ ಇವು ದೂರದ ಹಳ್ಳಿಯ ಮಾಸ್ತರನನ್ನು ಇನ್ನೊಬ್ಬ ಮಾಸ್ತರನೊಡನೆ ಮಾತಿಗೆ ಕೂರಿಸಿದವು. ಷರಾ ಬರೆಯುವ ಅಧಿಕಾರಿಯೇ ಪತ್ರಿಕೆಗೂ ಬರೆಯುತ್ತಿದ್ದಾಗ ಅವನ ಧ್ವನಿ ಸ್ವಲ್ಪ ಬದಲಾಗುತ್ತಿತ್ತು. 1956ರ ಏಕೀಕರಣದ ನಂತರ ಎರಡು ಸಂಪ್ರದಾಯಗಳು ಒಂದೇ ಇಲಾಖೆಯಡಿ ಬಂದವು. ರಾಜ್ಯಕ್ಕೆಲ್ಲ ಅನ್ವಯಿಸುವ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯಿದೆ 1961ರಲ್ಲಿ ಬಂತು. ಮನೆಮನೆಯ ಗಣತಿ, ಮಕ್ಕಳ ದಾಖಲಾತಿ, ಹಾಜರಿಯ ಹೊಣೆಗಳು ಹೆಚ್ಚಿದವು. ಮುಖ್ಯೋಪಾಧ್ಯಾಯ ಹುದ್ದೆ ಸೇವಾ ಹಿರಿತನದ ಬಡ್ತಿಯಿಂದ ಬರುವ ಹುದ್ದೆಯಾಗಿ ಗಟ್ಟಿಗೊಂಡಿತು. ಮೂರು ದಶಕ ತರಗತಿಯಲ್ಲಿ ಪಾಠ ಮಾಡಿದವರು ನಿವೃತ್ತಿಗೆ ಕೆಲವು ವರ್ಷಗಳಿರುವಾಗ ಬೇರೆಯೇ ಸ್ವರೂಪದ ಕೆಲಸಕ್ಕೆ ಕುಳಿತುಕೊಳ್ಳುತ್ತಿದ್ದರು. ಆ ಕೆಲಸಕ್ಕೆ ಪ್ರತ್ಯೇಕ ಸಿದ್ಧತೆ ಬೇಕು ಎಂಬ ಭಾವನೆ ಇಲಾಖೆಯ ನಿಯಮಗಳಲ್ಲಿ ಮೂಡಲು ಬಹಳ ಕಾಲ ಹಿಡಿಯಿತು.

1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವು ಹತ್ತಿರದ ಶಾಲೆಗಳು ಒಂದು ಗುಂಪಾಗಿ ಪರಸ್ಪರ ನೆರವಾಗಬೇಕೆಂಬ ಶಾಲಾ ಸಂಕೀರ್ಣದ ಕಲ್ಪನೆಯನ್ನು ಮುಂದಿಟ್ಟಿತು. ಒಂಟಿ ಶಾಲೆಯ ಒಂಟಿ ಮುಖ್ಯಸ್ಥನ ಸಮಸ್ಯೆಗೆ ಅದು ನೇರ ಉತ್ತರವಾಗಿತ್ತು. ಎರಡು ದಶಕಗಳ ಕಾಲ ಅದು ಬಹುಮಟ್ಟಿಗೆ ವರದಿಯ ಪುಟಗಳಲ್ಲಿಯೇ ಉಳಿಯಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಅನಂತರ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು ಸ್ಥಾಪನೆಯಾದವು. ಡಯಟ್ ಎಂದೇ ಪರಿಚಿತವಾದ ಈ ಸಂಸ್ಥೆ ಹಾಸನದಲ್ಲೂ ನೆಲೆಗೊಂಡಿತು. 1987ರಲ್ಲಿ ಆರಂಭವಾದ ಕಪ್ಪುಹಲಗೆ ಕಾರ್ಯಾಚರಣೆ ಏಕೋಪಾಧ್ಯಾಯ ಶಾಲೆಗಳಿಗೆ ಎರಡನೆಯ ಶಿಕ್ಷಕರನ್ನು ಕೊಡುವ ಗುರಿ ಹೊಂದಿತ್ತು. ಮಲೆನಾಡಿನ ಕಡೆಯ ಶಾಲೆಗಳ ಪಾಲಿಗೆ ತರಬೇತಿಗಿಂತ ಇದೇ ದೊಡ್ಡ ಬೆಂಬಲವೆನ್ನಬೇಕು. ಜ್ವರ ಬಂದ ದಿನ ಶಾಲೆಯನ್ನು ಮುಚ್ಚಬೇಕಾಗಿದ್ದವನಿಗೆ ಒಬ್ಬ ಜೊತೆಗಾರ ದೊರೆತಂತಾಯಿತು. ಅದೇ ವರ್ಷ ಅಬ್ದುಲ್ ನಜೀರ್ ಸಾಬ್ ಅವರ ಶ್ರಮದಿಂದ ಜಾರಿಗೆ ಬಂದ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳ ವ್ಯವಸ್ಥೆ ಪ್ರಾಥಮಿಕ ಶಾಲೆಗಳನ್ನು ಮತ್ತೆ ಸ್ಥಳೀಯ ಆಡಳಿತದ ಹತ್ತಿರಕ್ಕೆ ತಂದಿತು.

1990ರ ದಶಕದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ ಕರ್ನಾಟಕದ 11 ಜಿಲ್ಲೆಗಳಲ್ಲಿ ಎರಡು ಹಂತಗಳಲ್ಲಿ ನಡೆಯಿತು. ಹಾಸನ ಆ ಪಟ್ಟಿಯಲ್ಲಿ ಇರಲಿಲ್ಲ. ಶಾಲೆಗಳನ್ನು ಸಮೂಹಗಳಾಗಿ ಕಟ್ಟಿ, ಸಮೂಹಕ್ಕೊಂದು ಸಂಪನ್ಮೂಲ ಕೇಂದ್ರ, ಕ್ಷೇತ್ರಕ್ಕೊಂದು ಸಂಪನ್ಮೂಲ ಕೇಂದ್ರ ಎಂಬ ಏರ್ಪಾಡು ಆ ಕಾರ್ಯಕ್ರಮದ ಮುಖ್ಯ ಕೊಡುಗೆ. ಅರಸೀಕೆರೆ, ಬೇಲೂರು ಕ್ಷೇತ್ರಗಳಲ್ಲಿ ಅದು ಬೇರೂರಿದ್ದು 2001ರ ಸುಮಾರಿಗೆ ಸರ್ವ ಶಿಕ್ಷಣ ಅಭಿಯಾನ ರಾಜ್ಯಾದ್ಯಂತ ಹರಡಿದ ಮೇಲೆ. ಸಮೂಹ ಸಂಪನ್ಮೂಲ ವ್ಯಕ್ತಿ ಎಂಬ ಹೊಸ ಪಾತ್ರ ಆಗ ಶಾಲೆಯ ಬಾಗಿಲಿಗೆ ಬಂತು. ಅವರು ಇನ್‌ಸ್ಪೆಕ್ಟರರಲ್ಲ, ಶಿಕ್ಷಕ ವೃತ್ತಿಯಿಂದಲೇ ಆಯ್ಕೆಯಾಗಿ ಕೆಲವು ವರ್ಷ ಈ ಕೆಲಸ ಮಾಡುವವರು. ತಿಂಗಳಿಗೊಮ್ಮೆ ಸಮೂಹದ ಶಿಕ್ಷಕರು ಸೇರುವ ಸಮಾಲೋಚನಾ ಸಭೆ, ಚೈತನ್ಯ ಹೆಸರಿನ ತರಬೇತಿಗಳು, ಪಾಠೋಪಕರಣಗಳ ಮೇಳಗಳು ಆ ದಶಕದ ಶಿಕ್ಷಕರ ನೆನಪಿನಲ್ಲಿ ಉಳಿದಿವೆ. ಸಮೂಹದ ವಿಸ್ತಾರ ಬಹುಮಟ್ಟಿಗೆ ಹೋಬಳಿಗಿಂತ ಚಿಕ್ಕದು. ಜಾವಗಲ್ಲು, ಬಾಣಾವರ, ಕಣಕಟ್ಟೆ, ಗಂಡಸಿ ಮೊದಲಾದ ಹೋಬಳಿಗಳೊಳಗೆ ಹಲವು ಸಮೂಹಗಳು ಸೇರುತ್ತವೆ. 1868ರಲ್ಲಿ ರೈಸ್ ಅವರು ಶಾಲೆಯನ್ನು ಇಟ್ಟ ಅಳತೆಯ ಭೂಭಾಗದಲ್ಲಿಯೇ ಶಿಕ್ಷಕರ ಪರಸ್ಪರ ಸಹಾಯವನ್ನು ಇಡಲು 130 ವರ್ಷಗಳು ಬೇಕಾದವು.

ಆದರೆ ಈ ಪಾತ್ರ ತನ್ನ ಮೂಲ ರೂಪದಲ್ಲಿ ಹೆಚ್ಚು ಕಾಲ ನಿಲ್ಲಲಿಲ್ಲ. ಮಾಹಿತಿ ಸಂಗ್ರಹಿಸಿ ಮೇಲಕ್ಕೆ ಕಳುಹಿಸುವ ಕೆಲಸ ವರ್ಷದಿಂದ ವರ್ಷಕ್ಕೆ ಹೆಚ್ಚಿತು. ಸಮಾಲೋಚನೆಯ ಸಭೆ ಸುತ್ತೋಲೆ ಓದುವ ಸಭೆಯಾಯಿತು ಎಂಬ ದೂರು ಶಿಕ್ಷಕ ವಲಯದಲ್ಲಿ ಸಾಮಾನ್ಯ. ದೂರು ಎಲ್ಲ ಸಮೂಹಗಳಿಗೂ ಸಮನಾಗಿ ಅನ್ವಯಿಸದಿರಬಹುದು, ಉತ್ಸಾಹಿ ಸಂಪನ್ಮೂಲ ವ್ಯಕ್ತಿಯೊಬ್ಬರಿದ್ದ ಕಡೆ ಚಿತ್ರ ಬೇರೆಯಾಗಿಯೇ ಇರುತ್ತದೆ. ಒಟ್ಟಿನ ಒಲವು ಮಾತ್ರ ತಪಾಸಣೆಯ ಕಡೆಗೇ ಮರಳಿತು. ಇಲಾಖೆಯ ಹಳೆಯ ಅಭ್ಯಾಸ ಹೊಸ ಹೆಸರಿನ ಒಳಗೂ ತನ್ನ ದಾರಿಯನ್ನು ಹುಡುಕಿಕೊಂಡಿತು ಎನ್ನದೆ ವಿಧಿಯಿಲ್ಲ.

ಇದೇ ಅವಧಿಯಲ್ಲಿ ಮುಖ್ಯ ಶಿಕ್ಷಕರ ಕೆಲಸದ ಸ್ವರೂಪ ಬದಲಾಯಿತು. ಡಾ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯಂತೆ 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ರಚನೆಗೊಂಡವು. ಪಾಲಕರೇ ಅಧ್ಯಕ್ಷರು, ಮುಖ್ಯ ಶಿಕ್ಷಕರು ಕಾರ್ಯದರ್ಶಿ. ಹಣ ಶಾಲೆಯ ಖಾತೆಗೇ ಬರತೊಡಗಿತು. 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹ ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು. 2013ರಲ್ಲಿ ಕ್ಷೀರಭಾಗ್ಯ ಸೇರಿತು. ಅಕ್ಕಿ, ಬೇಳೆ, ಹಾಲಿನ ಪುಡಿಯ ದಾಸ್ತಾನು, ಅಡುಗೆ ಸಿಬ್ಬಂದಿ, ಕಟ್ಟಡ ಕಾಮಗಾರಿ, ಸಮವಸ್ತ್ರ, ಪಠ್ಯಪುಸ್ತಕ, ಗಣಕದಲ್ಲಿ ತುಂಬಬೇಕಾದ ಮಾಹಿತಿ ಇವು ಒಂದರ ಮೇಲೊಂದು ಬಂದವು. ಇವುಗಳಲ್ಲಿ ಯಾವುದನ್ನೂ ಅನಗತ್ಯವೆನ್ನಲಾಗದು. ಬರದ ಸೀಮೆಯ ಅರಸೀಕೆರೆಯಲ್ಲಿ ಬಿಸಿಯೂಟದ ಬೆಲೆ ಏನೆಂಬುದನ್ನು ಮಹಾಕ್ಷಾಮದ ಚರಿತ್ರೆಯನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಪ್ರಶ್ನೆ ಇರುವುದು ಈ ಕೆಲಸಗಳನ್ನು ಹೊರುವವರು ಸಹ ಶಿಕ್ಷಕರ ಪಾಠವನ್ನು ನೋಡುವುದು, ಹಿಂದುಳಿದ ಮಗುವಿನ ಬಗ್ಗೆ ಅವರೊಡನೆ ಕುಳಿತು ಮಾತನಾಡುವುದು ಯಾವಾಗ ಎಂಬುದರಲ್ಲಿ.

ಮುಖ್ಯ ಶಿಕ್ಷಕರ ಸಿದ್ಧತೆಯನ್ನೇ ಉದ್ದೇಶವಾಗಿಟ್ಟುಕೊಂಡ ಸಂಸ್ಥೆಗಳು ಬಂದದ್ದು 21ನೆಯ ಶತಮಾನದ ಎರಡನೆಯ ದಶಕದಲ್ಲಿ. ದೆಹಲಿಯ ರಾಷ್ಟ್ರೀಯ ಶೈಕ್ಷಣಿಕ ಯೋಜನಾ ಮತ್ತು ಆಡಳಿತ ವಿಶ್ವವಿದ್ಯಾನಿಲಯದಲ್ಲಿ 2012ರಲ್ಲಿ ರಾಷ್ಟ್ರೀಯ ಶಾಲಾ ನಾಯಕತ್ವ ಕೇಂದ್ರ ಆರಂಭವಾಯಿತು. ಅದು ರೂಪಿಸಿದ ಪಠ್ಯಕ್ರಮದ ಚೌಕಟ್ಟು ಏಳು ಕ್ಷೇತ್ರಗಳನ್ನು ಗುರುತಿಸುತ್ತದೆ: ನಾಯಕತ್ವದ ಬಗೆಗಿನ ದೃಷ್ಟಿ, ಆತ್ಮವಿಕಾಸ, ಬೋಧನೆ ಕಲಿಕೆಯ ಪರಿವರ್ತನೆ, ತಂಡ ಕಟ್ಟುವುದು, ಹೊಸ ಪ್ರಯೋಗ, ಸಹಭಾಗಿತ್ವ ಮತ್ತು ಆಡಳಿತ. ಆಡಳಿತವನ್ನು ಏಳರಲ್ಲಿ ಒಂದನ್ನಾಗಿ ಇಟ್ಟಿರುವುದು ಗಮನಾರ್ಹ. ಹೋಬಳಿ ಮೇಷ್ಟರ ಕಾಲದಿಂದ ಅದೇ ಇಡೀ ಕೆಲಸವೆಂಬಂತೆ ಕಾಣಲಾಗಿತ್ತು. ಕರ್ನಾಟಕದಲ್ಲಿ ಇದೇ ಉದ್ದೇಶಕ್ಕಾಗಿ ಶಾಲಾ ನಾಯಕತ್ವ, ಶೈಕ್ಷಣಿಕ ಯೋಜನೆ ಮತ್ತು ನಿರ್ವಹಣೆಯ ರಾಜ್ಯ ಸಂಸ್ಥೆ ಧಾರವಾಡದಲ್ಲಿ ಸ್ಥಾಪಿತವಾಯಿತು. ಸಿಸ್ಲೆಪ್ ಎಂಬುದು ಅದರ ರೂಢಿಯ ಹೆಸರು. ಶಾಲಾಪತ್ರಿಕೆಯ ಪರಂಪರೆ ಬೆಳೆದ ಊರಿಗೇ ಈ ಸಂಸ್ಥೆ ಬಂದದ್ದು ಆಕಸ್ಮಿಕವಿರಬಹುದು, ಅನುಚಿತವಂತೂ ಅಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರಾಂಶುಪಾಲರೂ ಮುಖ್ಯಸ್ಥರೂ ವರ್ಷಕ್ಕೆ 50 ಗಂಟೆಗಳಷ್ಟಾದರೂ ವೃತ್ತಿಪರ ಬೆಳವಣಿಗೆಯ ಕಾರ್ಯಕ್ರಮಗಳಲ್ಲಿ ಪಾಲ್ಗೊಳ್ಳಬೇಕೆಂದು ನಿರೀಕ್ಷಿಸಿತು, ಕೊಠಾರಿ ಆಯೋಗದ ಶಾಲಾ ಸಂಕೀರ್ಣವನ್ನು ಮತ್ತೆ ಮುನ್ನೆಲೆಗೆ ತಂದಿತು.

ಈ ಏರ್ಪಾಡುಗಳೆಲ್ಲ ಮುಖ್ಯ ಶಿಕ್ಷಕ ಎಂಬ ಹುದ್ದೆಯೊಂದು ಶಾಲೆಯಲ್ಲಿ ಇದೆ ಎಂದು ಭಾವಿಸಿ ಹೊರಟಿವೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯ ಪ್ರಕಾರ 1ರಿಂದ 5ನೆಯ ತರಗತಿಗಳಲ್ಲಿ 150ಕ್ಕಿಂತ ಹೆಚ್ಚು ಮಕ್ಕಳಿದ್ದಾಗ, 6ರಿಂದ 8ನೆಯ ತರಗತಿಗಳಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದಾಗ ಮುಖ್ಯ ಶಿಕ್ಷಕರು ಇರತಕ್ಕದ್ದು. ಅರಸೀಕೆರೆ ಪಟ್ಟಣದ, ಬಾಣಾವರದಂಥ ದೊಡ್ಡ ಊರಿನ ಶಾಲೆಗೆ ಈ ಅಳತೆ ಹೊಂದುತ್ತದೆ. ಅರೇಹಳ್ಳಿ, ಬಿಕ್ಕೋಡು ಕಡೆಯ ತೋಟಗಳ ನಡುವಿನ ಕಿರಿಯ ಪ್ರಾಥಮಿಕ ಶಾಲೆಗೂ, ಹಳೇಬೀಡು ಹೋಬಳಿಯ ಚಿಕ್ಕ ಊರುಗಳ ಶಾಲೆಗೂ ಹೊಂದುವುದಿಲ್ಲ. ಅಲ್ಲಿ ಇರುವ ಇಬ್ಬರಲ್ಲಿ ಹಿರಿಯರು ಪ್ರಭಾರ ಮುಖ್ಯ ಶಿಕ್ಷಕರಾಗುತ್ತಾರೆ. ಇತ್ತೀಚಿನ ದಶಕಗಳಲ್ಲಿ ಈ ಸ್ಥಾನದಲ್ಲಿ ಮಹಿಳೆಯರೂ ಬಹುಸಂಖ್ಯೆಯಲ್ಲಿದ್ದಾರೆ. ಪೂರ್ಣ ತರಗತಿ ಬೋಧನೆ, ನಲಿ ಕಲಿ ಕೊಠಡಿ, ಬಿಸಿಯೂಟದ ಲೆಕ್ಕ, ಸಮಿತಿಯ ಸಭೆ ಎಲ್ಲವೂ ಅವರದೇ. ಹೊಯ್ಸಳೇಶ್ವರ ದೇವಾಲಯ 2023ರಲ್ಲಿ ಬೇಲೂರು, ಸೋಮನಾಥಪುರಗಳೊಂದಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಹಳೇಬೀಡಿಗೆ ಬರುವ ಶಾಲಾ ಪ್ರವಾಸಗಳ ಬಸ್ಸುಗಳಿಗೆ ಕೊರತೆಯಿಲ್ಲ. ಅದೇ ಹೋಬಳಿಯ ಇಬ್ಬರು ಶಿಕ್ಷಕರ ಶಾಲೆಯವರು ತಮ್ಮ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬೇಕಾದರೂ ಶಾಲೆಗೆ ಬೀಗ ಹಾಕಬೇಕಾಗುತ್ತದೆ. ನಾಯಕತ್ವ ತರಬೇತಿಯ ಪತ್ರ ಇಂಥ ಶಾಲೆಗೂ ಬರುತ್ತದೆ. ಹಾಸನಕ್ಕೆ ಅಥವಾ ಧಾರವಾಡಕ್ಕೆ ಹೋಗಬೇಕಾದ ದಿನಗಳಲ್ಲಿ ಐದೂ ತರಗತಿಗಳು ಉಳಿದ ಒಬ್ಬರ ಕೈಗೆ ಬರುತ್ತವೆ. ಅವರಿಗೆ ರಜೆ ಬೇಕಾಗಿದ್ದರೆ ಪ್ರಭಾರದವರು ಸಮೂಹ ಸಂಪನ್ಮೂಲ ವ್ಯಕ್ತಿಗೆ ದೂರವಾಣಿ ಮಾಡಿ, ಪಕ್ಕದ ಶಾಲೆಯಿಂದ ಒಬ್ಬರನ್ನು ಎರವಲು ಪಡೆಯಬಹುದೇ ಎಂದು ಕೇಳುತ್ತಾರೆ.